ಹಳೆಯ ಅಡೆಗಲ್ಲಿಗೆ ಇಷ್ಟು ಬೆಲೆ ಯಾಕೆ? ಸಿಕ್ಕರೆ ಕಾಪಾಡುವುದು ಹೇಗೆ?

ಅಮೆರಿಕದ ಓಹಿಯೊ, ಪೆನ್ಸಿಲ್ವೇನಿಯಾ ಕಡೆ ಹಳೆಯ ಫಾರ್ಮ್ ಮನೆ ಕೊಂಡವರಿಗೆ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಭಾರದ ಕಬ್ಬಿಣ ಸಿಗಬಹುದು. ಒಂದು ಕಡೆ ಚೂಪು, ಇನ್ನೊಂದು ಕಡೆ ಚಪ್ಪಟೆ. ಒಬ್ಬರೇ ಎತ್ತಲು ಹೋದರೆ ಅಲುಗಾಡುವುದಿಲ್ಲ. ಅದು ಕಮ್ಮಾರರ ಅಡೆಗಲ್ಲು. ಕೆಲವು ಕಡೆ ಅಡಗಲ್ಲು, ಬಡಿಗಲ್ಲು ಅಂತಲೂ ಹೇಳುತ್ತಾರೆ. ಕಾದ ಕಬ್ಬಿಣವನ್ನು ಇದರ ಮೇಲಿಟ್ಟೇ ಸುತ್ತಿಗೆಯಿಂದ ಬಡಿದು ರೂಪ ಕೊಡುವುದು.

ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಅಮೆರಿಕದ ಹರಾಜುಗಳಲ್ಲಿ ಇದು ಪೌಂಡಿಗೆ ಒಂದೆರಡು ಡಾಲರ್‌ಗೆ ಸಿಗುತ್ತಿತ್ತು. ಈಗ ಒಳ್ಳೆಯ ಸ್ಥಿತಿಯಲ್ಲಿರುವ ಅಡೆಗಲ್ಲಿಗೆ ಪೌಂಡಿಗೆ ಐದಾರು ಡಾಲರ್ ಕೇಳುವುದು ಸಾಮಾನ್ಯ. ಅಂದರೆ ಎಂಬತ್ತು ಕಿಲೋ ತೂಗುವ ಒಂದಕ್ಕೆ ಸುಮಾರು ಸಾವಿರ ಡಾಲರ್. ಇಂಥದ್ದು ಕೈಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂದರೆ ಗ್ರೈಂಡರ್ ಹಿಡಿದು ಉಜ್ಜಿ ಫಳಫಳ ಹೊಳೆಯುವಂತೆ ಮಾಡುವುದು. ನೂರು ವರ್ಷ ಬಾಳಿದ ಅಡೆಗಲ್ಲು ಆ ಒಂದು ಮಧ್ಯಾಹ್ನದಲ್ಲಿ ಹಾಳಾಗಿಬಿಡಬಹುದು. ಯಾಕೆ ಅಂತ ತಿಳಿಯಬೇಕಾದರೆ ಅದನ್ನು ಹೇಗೆ ಮಾಡಿದ್ದಾರೆ ಅನ್ನುವುದು ಗೊತ್ತಿರಬೇಕು.

ಬೆಲೆ ಏರಿದ್ದು ಹೇಗೆ

ಕುದುರೆ, ಬಂಡಿಗಳ ಕಾಲದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಪ್ರತಿ ಊರಲ್ಲೂ ಕುಲುಮೆ ಇತ್ತು. ಲಾಳ, ನೇಗಿಲು, ಬಾಗಿಲ ಕೀಲು, ಬಂಡಿಯ ಅಚ್ಚು ಎಲ್ಲವೂ ಅಲ್ಲೇ ಆಗಬೇಕಿತ್ತು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂತು, ಹಿಂದೆಯೇ ಟ್ರ್ಯಾಕ್ಟರ್ ಬಂತು. ಕುದುರೆ ಕಮ್ಮಿಯಾದಂತೆ ಕುಲುಮೆಗಳೂ ಮುಚ್ಚಿದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ದೇಶದ ತುಂಬ ಗುಜರಿ ಕಬ್ಬಿಣ ಕೂಡಿಸಿತು. ಕೆಲಸವಿಲ್ಲದೆ ಬಿದ್ದಿದ್ದ ಎಷ್ಟೋ ಹಳೆಯ ಸಲಕರಣೆ ಆಗ ಕರಗಿಹೋಯಿತು.

ಅಳಿದುಳಿದವಕ್ಕೆ ಮತ್ತೆ ಬೇಡಿಕೆ ಬಂದದ್ದು ಕಮ್ಮಾರಿಕೆಯನ್ನು ಕಲೆಯಾಗಿ ಕಲಿಯುವವರಿಂದ. ಉತ್ತರ ಅಮೆರಿಕದ ಕಮ್ಮಾರ ಕಲಾವಿದರ ಸಂಘ 1973ರಲ್ಲಿ ಶುರುವಾಯಿತು. ಈಚಿನ ವರ್ಷಗಳಲ್ಲಿ ಟಿವಿ ಸ್ಪರ್ಧೆಗಳು, ಯೂಟ್ಯೂಬ್ ವಿಡಿಯೊಗಳನ್ನು ನೋಡಿ ಮನೆಯ ಹಿಂದೆ ಪುಟ್ಟ ಕುಲುಮೆ ಹಾಕಿಕೊಂಡವರು ಜಾಸ್ತಿಯಾದರು. ಹೊಸ ಅಡೆಗಲ್ಲು ಸಿಗುವುದಿಲ್ಲ ಅಂತಲ್ಲ. ಒಳ್ಳೆಯ ಉಕ್ಕಿನದು ಬಹಳ ದುಬಾರಿ, ಅಗ್ಗದ್ದರಲ್ಲಿ ಹಲವು ಬರೀ ಎರಕದ ಕಬ್ಬಿಣ. ಹಾಗಾಗಿ ಕೆಲಸ ಮಾಡುವವರೂ ಸಂಗ್ರಹಿಸುವವರೂ ಒಂದೇ ಹಳೆಯ ಸರಕಿನ ಹಿಂದೆ ಬಿದ್ದಿದ್ದಾರೆ.

ಒಳಗೆ ಮೆದು, ಮೇಲೆ ಗಟ್ಟಿ

ಅಡೆಗಲ್ಲು ಇಡಿಯಾಗಿ ಒಂದೇ ಲೋಹ ಅನ್ನಿಸುತ್ತದೆ ಅಲ್ವಾ? 19ನೇ ಶತಮಾನದ ಹೆಚ್ಚಿನವು ಹಾಗಿಲ್ಲ. ದೇಹವೆಲ್ಲ ಮೆದು ಕಬ್ಬಿಣ. ಇದು ಬಡಿದರೆ ಬಗ್ಗುವ, ಆದರೆ ಸುಲಭಕ್ಕೆ ಒಡೆಯದ ಕಬ್ಬಿಣ. ಮೇಲ್ಗಡೆ ಮಾತ್ರ ಸುಮಾರು ಅರ್ಧ ಇಂಚು ದಪ್ಪದ ಉಕ್ಕಿನ ಹಲಗೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರಲ್ಲ, ಇದೂ ಅದೇ ಲೆಕ್ಕ. ಭಾರ ಹೊರುವುದಕ್ಕೆ ಒಂದು ವಸ್ತು, ಸವೆತ ತಡೆಯುವುದಕ್ಕೆ ಇನ್ನೊಂದು.

ಆಗ ಉಕ್ಕು ದುಬಾರಿಯಾಗಿತ್ತು, ಹಾಗಾಗಿ ಬೇಕಾದ ಕಡೆ ಮಾತ್ರ ಬಳಸಿದರು. ಇನ್ನೊಂದು ಕಾರಣವೂ ಇದೆ. ಗಟ್ಟಿ ಉಕ್ಕು ಬಿರುಸು ಜಾಸ್ತಿ, ಪೆಟ್ಟಿಗೆ ಸಿಡಿಯುತ್ತದೆ. ಕೆಳಗೆ ಮೆದು ಕಬ್ಬಿಣ ಇದ್ದರೆ ಅದು ಪೆಟ್ಟನ್ನು ತಾಳಿಕೊಳ್ಳುತ್ತದೆ.

ಈ ಎರಡನ್ನೂ ಕೂಡಿಸುತ್ತಿದ್ದದ್ದು ಕುಲುಮೆಯ ಬೆಸುಗೆಯಿಂದ. ದೇಹವನ್ನೂ ಹಲಗೆಯನ್ನೂ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು, ಭಾರಿ ಸುತ್ತಿಗೆಗಳಿಂದ ಬಡಿದು ಒಂದಾಗಿಸುತ್ತಿದ್ದರು. ಆಮೇಲೆ ಮುಖವನ್ನು ಮತ್ತೆ ಕೆಂಪಗೆ ಕಾಯಿಸಿ ಅದರ ಮೇಲೆ ಜೋರಾಗಿ ನೀರು ಸುರಿಸುತ್ತಿದ್ದರು. ಸುಮ್ನೆ ತೊಟ್ಟಿಯಲ್ಲಿ ಮುಳುಗಿಸಿದರೆ ಕಾದ ಲೋಹದ ಸುತ್ತ ಹಬೆಯ ಪದರ ನಿಂತು ತಣಿಯುವುದು ನಿಧಾನವಾಗುತ್ತದೆ. ಧಾರೆಯ ರಭಸ ಆ ಹಬೆಯನ್ನು ಒಡೆಯುತ್ತದೆ. ತಟ್ಟನೆ ತಣಿದ ಉಕ್ಕು ಗಟ್ಟಿಯಾಗುತ್ತದೆ. ಇದಕ್ಕೇ ಹದ ಕೊಡುವುದು ಅನ್ನುತ್ತಾರೆ. ಹಳೆಯ ಅಡೆಗಲ್ಲಿನ ಬೆಲೆಯೆಲ್ಲ ಈ ಅರ್ಧ ಇಂಚಿನಲ್ಲಿ, ಅದರ ಹದದಲ್ಲಿ ಇದೆ. ಹಲಗೆ ಹೋದರೆ ಉಳಿಯುವುದು ಭಾರದ ಕಬ್ಬಿಣದ ಗಡ್ಡೆ ಅಷ್ಟೆ.

ಇನ್ನೊಂದು ದಾರಿ ಕಂಡುಕೊಂಡವರು ನ್ಯೂಜೆರ್ಸಿಯ ಟ್ರೆಂಟನ್ ಊರಿನ ಫಿಶರ್ ಅಂಡ್ ನಾರಿಸ್ ಕಂಪನಿಯವರು. 1840ರ ದಶಕದಿಂದ ಇವರು ಅಚ್ಚಿನೊಳಗೆ ಮೊದಲೇ ಉಕ್ಕಿನ ಹಲಗೆ ಇಟ್ಟು, ಮೇಲೆ ಕರಗಿದ ಕಬ್ಬಿಣ ಸುರಿದು ಎರಡನ್ನೂ ಬೆಸೆಯುತ್ತಿದ್ದರು. ಸ್ವೀಡನ್ನಿನ ಸೋಡರ್‌ಫೋರ್ಸ್ ಕಾರ್ಖಾನೆಯವರು ಇಡೀ ಅಡೆಗಲ್ಲನ್ನೇ ಉಕ್ಕಿನಲ್ಲಿ ಎರಕ ಹೊಯ್ದರು. ಅವರದು ಸಂಗ್ರಾಹಕರಿಗೆ ಇವತ್ತಿಗೂ ಬಹಳ ಇಷ್ಟ.

ಯಾವ ಭಾಗ ಯಾತಕ್ಕೆ

ಹೆಚ್ಚಾಗಿ ಕಾಣಸಿಗುವ ಆಕಾರಕ್ಕೆ ಲಂಡನ್ ಮಾದರಿ ಅನ್ನುತ್ತಾರೆ. ಮೇಲಿನ ಚಪ್ಪಟೆ ಭಾಗವೇ ಮುಖ. ಒಂದು ಕಡೆ ದುಂಡಗೆ ಚೂಪಾಗುತ್ತಾ ಹೋಗುವುದು ಕೊಂಬು, ಕಬ್ಬಿಣವನ್ನು ಬಾಗಿಸಲು. ಕೊಂಬಿಗೂ ಮುಖಕ್ಕೂ ನಡುವೆ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಅದಕ್ಕೆ ಗಟ್ಟಿ ಉಕ್ಕಿನ ಹೊದಿಕೆ ಇರುವುದಿಲ್ಲ, ಉಳಿ ಇಟ್ಟು ಕತ್ತರಿಸುವಾಗ ಉಳಿಯ ಬಾಯಿ ಮುಕ್ಕಾಗದಿರಲಿ ಅಂತ. ಇನ್ನೊಂದು ತುದಿಯಲ್ಲಿ ಎರಡು ತೂತು. ಚೌಕದ ತೂತಿನಲ್ಲಿ ಬೇರೆ ಬೇರೆ ಸಲಕರಣೆ ಕೂರಿಸುತ್ತಾರೆ. ದುಂಡು ತೂತು ಲಾಳದಂಥವಕ್ಕೆ ರಂಧ್ರ ಹೊಡೆಯಲು.

ಈ ದುಂಡು ತೂತು ಹಳಮೆಯನ್ನು ಅಳೆಯಲೂ ಸಹಾಯ ಮಾಡುತ್ತದೆ. ಇಂಗ್ಲೆಂಡಿನ ಅಡೆಗಲ್ಲುಗಳಲ್ಲಿ ಇದು 19ನೇ ಶತಮಾನದ ಮೊದಲ ದಶಕಗಳಲ್ಲಿ ರೂಢಿಗೆ ಬಂತು. ಚೌಕದ ತೂತು ಮಾತ್ರ ಇದ್ದು, ಸೊಂಟ ದಪ್ಪಗಿದ್ದು, ಕೊಂಬು ಗಿಡ್ಡವಾಗಿದ್ದರೆ ಅದು ಅದಕ್ಕೂ ಹಿಂದಿನದಿರುವ ಸಾಧ್ಯತೆ ಇದೆ. ಅಂಥದ್ದು ಸಿಕ್ಕರೆ ತಿಳಿದವರಿಗೆ ತೋರಿಸುವ ತನಕ ಅದನ್ನು ಮುಟ್ಟಬಾರದು ಅಂತಲೇ ನನ್ನ ಸಲಹೆ.

ಕೊಂಬಿನ ಕೆಳಗೆ, ಸೊಂಟದ ಹತ್ತಿರ, ಅಡಿಯಲ್ಲಿ ಸಣ್ಣ ಕುಳಿಗಳು ಕಂಡರೆ ಹುಳುಕು ಅಂದುಕೊಳ್ಳಬೇಡಿ. ಕಾದ ಅಡೆಗಲ್ಲನ್ನು ಎತ್ತಿ ತಿರುಗಿಸಲು ಕಾರ್ಖಾನೆಯಲ್ಲಿ ಸಲಾಕೆ ಸಿಕ್ಕಿಸುತ್ತಿದ್ದ ಜಾಗ ಅವು. ಬಡಿದು ಮಾಡಿದ ಅಡೆಗಲ್ಲು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಪಕ್ಕದಲ್ಲಿರುವ ಅಕ್ಷರ, ಅಂಕಿ

ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಪಕ್ಕಕ್ಕೆ ಸ್ವಲ್ಪ ಮೈದಾ ಹಿಟ್ಟೋ ಸೀಮೆಸುಣ್ಣದ ಪುಡಿಯೋ ಸವರಿ. ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬರಿಗಣ್ಣಿಗೆ ಕಾಣದ ಅಕ್ಷರಗಳು ಎದ್ದು ಬರುತ್ತವೆ.

ಇಂಗ್ಲೆಂಡಿನದಾದರೆ ನಡುವೆ ಮೂರು ಅಂಕಿ ಇರುತ್ತವೆ. ಇದನ್ನು ಇಸವಿ ಅಂತ ತಿಳಿಯುವವರೇ ಹೆಚ್ಚು. ನಿಜಕ್ಕೂ ಅದು ತೂಕ. ಮೊದಲ ಅಂಕಿ ಹಂಡ್ರೆಡ್‌ವೇಟ್ ಎಂಬ ಹಳೆಯ ಬ್ರಿಟಿಷ್ ಅಳತೆ. ಹೆಸರಿನಲ್ಲಿ ನೂರು ಇದ್ದರೂ ಅದು 112 ಪೌಂಡ್. ಎರಡನೆಯದು ಅದರ ಕಾಲು ಭಾಗಗಳು, ಒಂದೊಂದೂ 28 ಪೌಂಡ್. ಮೂರನೆಯದು ಬಿಡಿ ಪೌಂಡ್. ಉದಾಹರಣೆಗೆ 1 – 2 – 14 ಅಂತ ಇದ್ದರೆ 112ಕ್ಕೆ 56 ಸೇರಿಸಿ, 14 ಕೂಡಿಸಿ. ಒಟ್ಟು 182 ಪೌಂಡ್, ಅಂದರೆ ಸುಮಾರು 82.5 ಕಿಲೋ. ನಡುವಿನ ಅಂಕಿ 3 ದಾಟುವುದಿಲ್ಲ, ಕೊನೆಯದು 27 ದಾಟುವುದಿಲ್ಲ. ದಾಟಿದ್ದರೆ ನೀವು ತಪ್ಪಾಗಿ ಓದಿದ್ದೀರಿ, ಇಲ್ಲವೇ ಅದು ಬೇರೆ ಲೆಕ್ಕದ್ದು. ಅಮೆರಿಕದ ಹೆಚ್ಚಿನ ತಯಾರಕರು ನೇರವಾಗಿ ಪೌಂಡಿನಲ್ಲೇ ಹಾಕುತ್ತಿದ್ದರು. ತಕ್ಕಡಿಯ ತೂಕ ಗುರುತಿಗಿಂತ ಸ್ವಲ್ಪ ಕಮ್ಮಿ ಬಂದರೆ ಅದು ಸವೆತ. ತುಂಬ ಕಮ್ಮಿ ಬಂದರೆ ಯಾರೋ ಮುಖವನ್ನು ಕೆತ್ತಿರಬಹುದು ಅಂತ ಅನುಮಾನಿಸಬೇಕು.

ಕೆಲವು ಹೆಸರು ಗೊತ್ತಿದ್ದರೆ ಒಳ್ಳೆಯದು. ಪೀಟರ್ ರೈಟ್ ಇಂಗ್ಲೆಂಡಿನ ಡಡ್ಲಿಯ ಕಂಪನಿ. ಇವರ ಅಡೆಗಲ್ಲುಗಳ ಪಕ್ಕದಲ್ಲಿ ವೃತ್ತಾಕಾರವಾಗಿ ‘ಸಾಲಿಡ್ ರಾಟ್’ (SOLID WROUGHT) ಅಂತ ಇರುತ್ತದೆ. ಸಣ್ಣ ಸಣ್ಣ ತುಂಡು ಬೆಸೆಯದೆ, ದೊಡ್ಡ ಗಟ್ಟಿಯಿಂದಲೇ ದೇಹವನ್ನು ಬಡಿದು ಮಾಡಿದ್ದೇವೆ ಅನ್ನುವುದು ಅವರ ಹೆಮ್ಮೆಯಾಗಿತ್ತು. ಮೌಸ್‌ಹೋಲ್ ಅಂದರೆ ಶೆಫೀಲ್ಡ್ ಹತ್ತಿರ ರಿವೆಲಿನ್ ನದಿಯ ದಡದಲ್ಲಿ 1933ರ ತನಕ ನಡೆದ ಕುಲುಮೆ. ಅವರ ಹಲವು ಅಡೆಗಲ್ಲುಗಳ ಮೇಲೆ ಪುಟ್ಟ ಇಲಿಯ ಚಿತ್ರ, ಜೊತೆಗೆ ಮಾಲೀಕರಾದ ಆರ್ಮಿಟೇಜ್ ಮನೆತನದ ಹೆಸರು ಇರುತ್ತದೆ. ಅಮೆರಿಕದ ಹೇ-ಬಡನ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿತ್ತು. ಅದರ ಪಾದದ ಮುಂಭಾಗದಲ್ಲಿ ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆಯಿಂದ ಯಾವ ವರ್ಷದ್ದು ಅಂತ ಅಂದಾಜು ಮಾಡಬಹುದು. ಇಂಥ ಪಟ್ಟಿಗಳನ್ನು ಕಲೆಹಾಕಿ 1998ರಲ್ಲಿ ಪುಸ್ತಕವಾಗಿ ತಂದವರು ರಿಚರ್ಡ್ ಪೋಸ್ಟ್‌ಮನ್. ಸಂಗ್ರಾಹಕರು ಇವತ್ತಿಗೂ ಅವರ ಲೆಕ್ಕವನ್ನೇ ಹಿಡಿಯುತ್ತಾರೆ. ‘ಟ್ರೆಂಟನ್’ ಅಂತ ಬರೆದದ್ದು ಟ್ರೆಂಟನ್ ಊರಿನದಲ್ಲ, ಅಂಥ ಹೆಚ್ಚಿನವನ್ನು ಮಾಡಿದ್ದು ಓಹಿಯೊದ ಕೊಲಂಬಸ್‌ನಲ್ಲಿ. ಟ್ರೆಂಟನ್ ಊರಿನದು ಬೇಕಾದರೆ ಫಿಶರ್ ಕಂಪನಿಯ ಹದ್ದಿನ ಚಿತ್ರ ಹುಡುಕಬೇಕು.

‘ಇಂಗ್ಲೆಂಡ್’ ಅಂತ ಬರೆದಿರುವುದೂ ಒಂದು ಸುಳಿವು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕು ಅಂತ ವಿಧಿಸಿತು. ಹಾಗಾಗಿ ದೇಶದ ಹೆಸರಿದ್ದರೆ ಸಾಮಾನ್ಯವಾಗಿ ಅದಾದ ಮೇಲಿನದು.

ಕೊಳ್ಳುವ ಮೊದಲು: ಗುಂಡು ಬಿಟ್ಟು ನೋಡಿ

ಒಂದು ಇಂಚಿನ ಉಕ್ಕಿನ ಬೇರಿಂಗ್ ಗುಂಡು ಮತ್ತು ಒಂದು ಸ್ಕೇಲು ಸಾಕು. ಮುಖದ ಮೇಲೆ ಹತ್ತು ಇಂಚು ಎತ್ತರದಿಂದ ಗುಂಡನ್ನು ಬಿಡಿ. ಗಟ್ಟಿ ಮುಖ ಪೆಟ್ಟನ್ನು ನುಂಗದೆ ಹಿಂದಕ್ಕೆ ಕೊಡುತ್ತದೆ, ಗುಂಡು ಏಳೆಂಟು ಇಂಚಾದರೂ ಮೇಲಕ್ಕೆ ಪುಟಿಯುತ್ತದೆ. ನಾಲ್ಕೈದು ಇಂಚಿಗೇ ಸುಸ್ತಾದರೆ ಮುಖ ಮೆತ್ತಗಿದೆ. ಒಂದೇ ಕಡೆ ನೋಡಿದರೆ ಸಾಲದು, ಮುಖದ ಉದ್ದಕ್ಕೂ ನೋಡಬೇಕು. ಒಂದು ಜಾಗದಲ್ಲಿ ಮಾತ್ರ ಪುಟಿತ ಸತ್ತಿದ್ದರೆ ಅಲ್ಲಿ ಉಕ್ಕಿನ ಹಲಗೆ ಒಳಗಿಂದ ಬಿಟ್ಟುಕೊಂಡಿರಬಹುದು.

ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಶಬ್ದವನ್ನೂ ಕೇಳಬೇಕು. ಬಡಿದು ಮಾಡಿದ ಅಡೆಗಲ್ಲು ಗಂಟೆಯಂತೆ ಠಣ್ ಅನ್ನುತ್ತದೆ. ಬಿರುಕಿದ್ದರೆ ಒಡಕು ಸದ್ದು ಬರುತ್ತದೆ. ಆದರೆ ಫಿಶರ್ ಅಡೆಗಲ್ಲು ಎಷ್ಟೇ ಚೆನ್ನಾಗಿದ್ದರೂ ದಪ್ ಅಂತಷ್ಟೇ ಅನ್ನುತ್ತದೆ. ಅದರ ದೇಹ ಎರಕದ ಕಬ್ಬಿಣ, ನಡುಕವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಕ್ಕಪಕ್ಕದಲ್ಲಿ ಮನೆಗಳಿರುವವರು ಇದನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಸದ್ದನ್ನೊಂದೇ ನಂಬಬಾರದು. ಪರೀಕ್ಷೆ ಮಾಡುವಾಗ ದೊಡ್ಡ ಸುತ್ತಿಗೆಯಿಂದ ಬರಿ ಮುಖಕ್ಕೆ ಜೋರಾಗಿ ಹೊಡೆಯಲೇಬೇಡಿ. ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕು ತಗುಲಿದರೆ ಚೂರು ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಬೆಂಕಿಗೆ ಸಿಕ್ಕ ಅಡೆಗಲ್ಲು ಇನ್ನೊಂದು ಸಮಸ್ಯೆ. ಕೊಟ್ಟಿಗೆ ಸುಟ್ಟಾಗ ಒಳಗಿದ್ದ ಅಡೆಗಲ್ಲು ಕಾದು, ಬೂದಿಯಲ್ಲಿ ನಿಧಾನಕ್ಕೆ ತಣಿಯುತ್ತದೆ. ಹದವೆಲ್ಲ ಇಳಿದುಹೋಗುತ್ತದೆ. ನೋಡಲು ಆಕಾರ, ಅಂಚು ಎಲ್ಲ ಸರಿಯಾಗೇ ಇರುತ್ತದೆ, ಗುಂಡು ಮಾತ್ರ ಪುಟಿಯುವುದಿಲ್ಲ.

ಹೊಸ ಎರಕದ ಕಬ್ಬಿಣಕ್ಕೆ ತುಕ್ಕು ಬರಿಸಿ ‘ಆಂಟಿಕ್’ ಅಂತ ಮಾರುವುದೂ ನಡೆಯುತ್ತದೆ. ಕೊಂಬಿನ ನಡುವೆ ಅಚ್ಚಿನ ಗೆರೆ ಓಡಿದ್ದು, ಪುಟಿತವೂ ಇಲ್ಲದಿದ್ದರೆ ದೂರ ಇರಿ.

ಮಾಡಬಾರದ ಕೆಲಸಗಳು

ಮುಖ ನಡುವೆ ಸ್ವಲ್ಪ ತಗ್ಗಾಗಿದೆ, ಅಂಚು ಅಲ್ಲಲ್ಲಿ ಮುಕ್ಕಾಗಿದೆ. ಇದನ್ನು ಸಪಾಟು ಮಾಡಿಸೋಣ ಅಂತ ವರ್ಕ್‌ಶಾಪಿಗೆ ಒಯ್ದು ಮಿಲ್ಲಿಂಗ್ ಮೆಷಿನ್ನಿಗೆ ಕೊಡುವವರಿದ್ದಾರೆ. ಹಳೆಯ ಅಡೆಗಲ್ಲಿನ ಅಡಿಯೂ ಮುಖವೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅಡಿಯನ್ನು ಕಚ್ಚಿ ಹಿಡಿದು ಮೇಲೆ ಕೆತ್ತಿದರೆ ಒಂದು ತುದಿಯಲ್ಲಿ ಹಲಗೆ ಪೂರ್ತಿ ಹೋಗಿಬಿಡಬಹುದು. ಆ ಉಕ್ಕನ್ನು ಮತ್ತೆ ಕೂರಿಸಲು ಸಾಧ್ಯವಿಲ್ಲ. ನಡುವಿನ ತಗ್ಗನ್ನು ಕಮ್ಮಾರರು ದೋಷ ಅಂತಲೇ ನೋಡುವುದಿಲ್ಲ. ಬಾಗಿದ ಪಟ್ಟಿಯನ್ನು ನೆಟ್ಟಗೆ ಮಾಡಲು ಆ ತಗ್ಗೇ ಅನುಕೂಲ.

ಗ್ರೈಂಡರ್‌ನ ತೊಂದರೆ ಎರಡು. ಒಂದು, ಲೋಹ ಹೋಗುತ್ತದೆ. ಇನ್ನೊಂದು, ಬಿಸಿ. ಉಜ್ಜಿದ ಜಾಗಕ್ಕೆ ನೀಲಿ ಬಣ್ಣ ಬಂತೆಂದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಅಷ್ಟು ಜಾಗದ ಹದ ಇಳಿದಿದೆ. ಮುಕ್ಕಾದ ಅಂಚಿಗೆ ವೆಲ್ಡಿಂಗ್ ಮಾಡಿಸಿದರೂ ಸುತ್ತಲಿನ ಉಕ್ಕಿಗೆ ಇದೇ ಗತಿ. ಎಷ್ಟು ಬಿಸಿ ಮಾಡಬೇಕು, ಹೇಗೆ ತಣಿಸಬೇಕು ಅಂತ ಗೊತ್ತಿರುವವರು ಮಾಡಿದರೆ ಬೇರೆ ಮಾತು. ಅಂಥವರು ಕೆಲವೇ ಮಂದಿ.

ಮರಳು ಊದಿ ಸ್ವಚ್ಛ ಮಾಡುವುದರಿಂದ ಹದ ಕೆಡುವುದಿಲ್ಲ. ಆದರೆ ಮಸುಕಾದ ಅಕ್ಷರಗಳು ಅಳಿಸಿಹೋಗುತ್ತವೆ. ನೂರಾರು ವರ್ಷ ಕೈ, ಎಣ್ಣೆ, ಹೊಗೆ ತಾಗಿ ಬಂದ ಕಂದುಗಪ್ಪು ಪದರವೂ ಹೋಗುತ್ತದೆ. ಅಕ್ಷರವಿಲ್ಲದ ಅಡೆಗಲ್ಲಿಗೆ ಸಂಗ್ರಾಹಕರು ಕೊಡುವ ಬೆಲೆ ಕಮ್ಮಿ.

ಇಂಗ್ಲೆಂಡ್, ಅಮೆರಿಕದಲ್ಲಿ ಒಂದು ಹಳೆಯ ಆಟವೂ ಇದೆ. ಒಂದು ಅಡೆಗಲ್ಲಿನ ಮೇಲೆ ಸಿಡಿಮದ್ದು ತುಂಬಿ, ಇನ್ನೊಂದನ್ನು ಅದರ ಮೇಲಿಟ್ಟು ಆಕಾಶಕ್ಕೆ ಹಾರಿಸುವುದು. ಕಮ್ಮಾರರ ಸಂತ ಕ್ಲೆಮೆಂಟ್‌ನ ಹಬ್ಬ, ನವೆಂಬರ್ 23ರಂದು ಹೀಗೆ ಮಾಡುತ್ತಿದ್ದರು. ಜನಕ್ಕೂ ಅಡೆಗಲ್ಲಿಗೂ ಇದು ಒಳ್ಳೆಯದಲ್ಲ.

ತುಕ್ಕಿಗೆ ಏನು ಮಾಡಬೇಕು

ತುಕ್ಕಿನಲ್ಲಿ ಎರಡು ಬಗೆ ಅಂತ ಇಟ್ಟುಕೊಳ್ಳಿ. ಕೆಂಪಗೆ ಪುಡಿಪುಡಿಯಾಗಿ ಕೈಗಂಟುವುದು ಇನ್ನೂ ಲೋಹವನ್ನು ತಿನ್ನುತ್ತಿದೆ. ಕಂದುಗಪ್ಪಾಗಿ ಗಟ್ಟಿ ಹಿಡಿದದ್ದು ನಿಂತುಹೋಗಿದೆ, ಲೋಹಕ್ಕೆ ಒಂದಿಷ್ಟು ಕಾವಲೂ ಆಗಿದೆ. ಮೊದಲನೆಯದನ್ನು ತೆಗೆಯಬೇಕು, ಎರಡನೆಯದನ್ನು ಬಿಡಬೇಕು. ಇದಕ್ಕೆ ಕೈಯಲ್ಲಿ ಹಿಡಿಯುವ ವೈರ್ ಬ್ರಷ್ ಮತ್ತು ತಾಳ್ಮೆ ಸಾಕು. ಹಳೆಯ ಬಣ್ಣ ಬಳಿದಿದ್ದರೆ ಎಚ್ಚರ, ಅದರಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ.

ತುಕ್ಕು ತೀರಾ ದಪ್ಪಗಿದ್ದರೆ ಕೆಲವರು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರ್‌ನಿಂದ ವಿದ್ಯುತ್ ಹರಿಸುತ್ತಾರೆ. ಲೋಹ ಹೋಗದೆ ತುಕ್ಕು ಮಾತ್ರ ಬಿಡುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು, ಯಾಕಂದರೆ ಹೈಡ್ರೋಜನ್ ಅನಿಲ ಬರುತ್ತದೆ. ಚಾರ್ಜರ್‌ನ ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ತುಂಡು ಕಟ್ಟಬಾರದು. ಅದರಲ್ಲಿನ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಸಾದಾ ಕಬ್ಬಿಣ ಕಟ್ಟಬೇಕು.

ಉಜ್ಜಿ ಒಣಗಿಸಿದ ಮೇಲೆ ತೆಳ್ಳಗೆ ಅಗಸೆ ಎಣ್ಣೆ ಸವರುವುದು ಹಳೆಯ ಪದ್ಧತಿ. ಅದು ಗಾಳಿಗೆ ಒಣಗಿ ಪೊರೆಯಾಗುತ್ತದೆ. ಆದರೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗೇ ಹೊತ್ತಿಕೊಳ್ಳಬಹುದು. ಆ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ. ಬರೀ ನೋಟಕ್ಕೆ ಇಡುವುದಾದರೆ ಮೇಣ ಸವರಿದರೂ ಸಾಕು.

ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡಬಾರದು, ಅಡಿಯಲ್ಲಿ ತೇವ ಹಿಡಿಯುತ್ತದೆ. ಮರದ ದಿಮ್ಮಿ ಒಳ್ಳೆಯದು. ಬಳಸಬಹುದಾ ಅಂತ ಕೇಳಿದರೆ, ಖಂಡಿತ ಬಳಸಬಹುದು. ಚೆನ್ನಾಗಿ ಕಾದ ಕಬ್ಬಿಣವನ್ನೇ ಬಡಿಯಬೇಕು ಅಷ್ಟೆ. ದಿನಾ ಕೆಲಸ ಮಾಡುವ ಮುಖಕ್ಕೆ ತುಕ್ಕು ಹಿಡಿಯುವುದಿಲ್ಲ. ಚಳಿ ದೇಶದಲ್ಲಿ ಕೆಲಸ ಶುರು ಮಾಡುವ ಮೊದಲು ಕಾದ ಕಬ್ಬಿಣದ ತುಂಡೊಂದನ್ನು ಮುಖದ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಕೊರೆಯುವ ಚಳಿಯಲ್ಲಿ ಗಟ್ಟಿ ಉಕ್ಕಿನ ಅಂಚು ಬೇಗ ಸಿಡಿಯುತ್ತದೆ.

ನಮ್ಮ ಊರುಗಳಲ್ಲಿ ಸಿಕ್ಕರೆ

ನಮ್ಮ ಹಳ್ಳಿಯ ಕುಲುಮೆಯ ಅಡೆಗಲ್ಲು ನೋಡಲು ಬೇರೆಯೇ. ಕಮ್ಮಾರರು ನೆಲದ ಮೇಲೆ ಕೂತು ಕೆಲಸ ಮಾಡುವುದರಿಂದ ಅದು ಸಣ್ಣ ಚೌಕದ ಗಟ್ಟಿಯಾಗಿ ನೆಲದಲ್ಲೋ ಮರದಲ್ಲೋ ಹೂತಿರುತ್ತದೆ. ಹೆಚ್ಚಾಗಿ ಕೊಂಬಿರುವುದಿಲ್ಲ, ಕಂಪನಿಯ ಗುರುತೂ ಇರುವುದಿಲ್ಲ. ಬ್ರಿಟಿಷರ ಕಾಲದ ರೈಲ್ವೆ, ಗಣಿ ವರ್ಕ್‌ಶಾಪುಗಳಿಗೆ ಮಾತ್ರ ಇಂಗ್ಲೆಂಡಿನಿಂದ ಸಲಕರಣೆ ಬರುತ್ತಿತ್ತು. ಗುಜರಿ ಅಂಗಡಿಯಲ್ಲಿ ಕೊಂಬಿರುವ ದೊಡ್ಡ ಅಡೆಗಲ್ಲು ಕಂಡರೆ ಪಕ್ಕದಲ್ಲಿ ಆ ಮೂರು ಅಂಕಿ ಇದೆಯಾ ಅಂತ ನೋಡಿ.

ಗುರುತಿಲ್ಲದ ಹಳ್ಳಿಯ ಅಡೆಗಲ್ಲಿನ ಹಿನ್ನೆಲೆ ಇರುವುದು ಅದನ್ನು ಬಳಸಿದವರ ನೆನಪಿನಲ್ಲಿ. ಯಾರ ತಾತ ತಂದದ್ದು, ಎಲ್ಲಿಂದ ಬಂತು, ಅದರ ಮೇಲೆ ಯಾವ ಸಾಮಾನು ಮಾಡುತ್ತಿದ್ದರು, ಆಯುಧಪೂಜೆಗೆ ಎಲ್ಲಿ ಇಡುತ್ತಿದ್ದರು ಅಂತೆಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ನಾಲ್ಕೂ ಕಡೆಯ ಫೋಟೊ, ತೂಕ, ಅಳತೆ ಜೊತೆಗಿರಲಿ. ವಸ್ತುವನ್ನು ಅವರ ಮನೆಯಿಂದ ಕೊಳ್ಳುವುದಾದರೆ ಗುಜರಿಯ ಕಿಲೋ ದರ ಕೊಡುವುದು ನ್ಯಾಯವಲ್ಲ.

ಹೊರದೇಶದಲ್ಲಿರುವವರು ಊರಿನ ಅಡೆಗಲ್ಲನ್ನು ತಮ್ಮ ಮನೆಗೆ ಒಯ್ಯಬೇಕು ಅಂದುಕೊಂಡಿದ್ದರೆ ಕಾನೂನನ್ನೂ ನೋಡಬೇಕು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಸುಬಿನ ವಸ್ತುಗಳೂ ಪ್ರಾಚೀನ ವಸ್ತುವಿನ ಲೆಕ್ಕಕ್ಕೆ ಬರಬಹುದು. ಪ್ರಾಚೀನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಅದು ಪ್ರಾಚೀನ ವಸ್ತುವಲ್ಲ ಅನ್ನುವ ಪ್ರಮಾಣಪತ್ರ ಪಡೆದ ಮೇಲೆಯೇ ಕಳಿಸಬೇಕು.